ನೂರಕ್ಕೆ ಹನ್ನೊಂದು

ಗಣಿತದ ಮೇಡಂ ಬಂದರೆಂದರೆ ಶಾಲೆಯ ಮಕ್ಕಳಷ್ಟೇ ಅಲ್ಲ, ಮನೆಯವರೂ ನೆಟ್ಟಗೆ ಕೂರುತ್ತಿದ್ದರು. ಯಾರು ಎಷ್ಟು ಗೋಗರೆದರೂ ಅರ್ಧ ಅಂಕ ಹೆಚ್ಚಿಗೆ ಕೊಟ್ಟವರಲ್ಲ. ವಯಸ್ಸು ಐವತ್ತು ದಾಟಿದ ಮೇಲೆ ಅವರ ಎದೆಯಲ್ಲಿ ಕ್ಯಾನ್ಸರಿನ ಗಂಟು ಕಾಣಿಸಿಕೊಂಡಿತು. ಆಗಲೂ ಮೇಡಂ ಅಳಲಿಲ್ಲ. ತಮ್ಮ ಬದಲಿಗೆ ಬಂದ ಟೀಚರಿಗೆ ತ್ರಿಕೋನಮಿತಿ ಎಲ್ಲಿಯವರೆಗೆ ಆಗಿದೆಯೆಂದು ತಿಳಿಸಿ ಆಪರೇಷನ್ನಿಗೆ ಹೋದರು.

ಗಂಟು ತೆಗೆದದ್ದಾಯಿತು. ಇನ್ನು ಕೀಮೋ ಬೇಕೋ ಬೇಡವೋ ಎಂದು ತಿಳಿಯಲು ಅದರ ಒಂದು ಚೂರನ್ನು ಜೀನ್ ಪರೀಕ್ಷೆಗೆ ಕಳಿಸಿದರು. "ನೂರಕ್ಕೆ ಇಷ್ಟು ಅಂತ ಅಂಕ ಬರುತ್ತೆ, ಬಂದ್ಮೇಲೆ ಮಾತಾಡೋಣ" ಎಂದಿದ್ದರು ಡಾಕ್ಟರಮ್ಮ. ಅಂಕ ಎಂದ ಕೂಡಲೇ ಮೇಡಂಗೆ ಅರ್ಧ ಧೈರ್ಯ ಬಂತು. "ಸದ್ಯ, ಗೊತ್ತಿರೋ ವಿಷಯ" ಎಂದರು.

ವರದಿ ತರಲು ಹೋದವನು ಅವರ ತಮ್ಮ. ಡ್ರೈವಿಂಗ್ ಸ್ಕೂಲ್ ನಡೆಸುವವನು, ತಾಳ್ಮೆ ಎಲ್ಲಾ ಅಲ್ಲೇ ಖರ್ಚಾಗುತ್ತಿತ್ತು. ಲಿಫ್ಟಿನಲ್ಲೇ ಲಕೋಟೆ ಒಡೆದ. ನೂರಕ್ಕೆ ಹನ್ನೊಂದು. ಸೀದಾ ಭಾವನ ಗಡಿಯಾರ ರಿಪೇರಿ ಅಂಗಡಿಗೆ ಓಡಿದ.

"ಭಾವ, ಅಕ್ಕ ಫೇಲು."

ಭಾವ ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿಯನ್ನು ತೆಗೆಯದೆಯೇ ವರದಿ ನೋಡಿದರು. ಹನ್ನೊಂದು ಹಾಳೆಯ ತುಂಬ ಕಾಣಿಸಿತು. "ಪಾಸಾಗೋಕೆ ಇದರ ಮೂರು ಪಟ್ಟಾದ್ರೂ ಬೇಕಲ್ಲೋ" ಎಂದರು. ನಾಳೆ ಡಾಕ್ಟರಮ್ಮನನ್ನು ಕಾಣುವವರೆಗೆ ಬಾಯಿ ಬಿಡುವುದು ಬೇಡ, ಅವಳನ್ನು ಚೆನ್ನಾಗಿ ನೋಡಿಕೊಳ್ಳೋಣ ಎಂದು ಇಬ್ಬರೂ ಮಾತಾಡಿಕೊಂಡರು.

ಅಲ್ಲೇ ಎಡವಟ್ಟಾದದ್ದು. ಸಂಜೆ ಗಂಡ ಹೇಳಿಸಿಕೊಳ್ಳದೆ ಪಾತ್ರೆ ತೊಳೆದರು. ಮಾತು ಬಂದಾಗಿನಿಂದ ಅಕ್ಕನಿಗೆ ಎದುರಾಡುತ್ತಲೇ ಬಂದ ತಮ್ಮ, "ನೀನು ಹೇಳಿದ್ದೇ ಸರಿ ಅಕ್ಕ" ಎಂದ. ಅಕ್ಕ ಇನ್ನೂ ಏನೂ ಹೇಳಿರಲಿಲ್ಲ.

ಮೇಡಂ ಪುಸ್ತಕ ಮಡಚಿಟ್ಟರು. ಕಾಪಿ ಹೊಡೆಯುವವರ ಮುಖಗಳನ್ನು ಎಷ್ಟು ನೋಡಿಲ್ಲ ಅವರು!

"ಇಬ್ರೂ ಇಲ್ಲಿ ಬನ್ನಿ. ಏಯ್, ಜೇಬಲ್ಲಿರೋದು ತೆಗಿ."

"ಅಕ್ಕ, ಅದು ಯಾರದೋ ಲೈಸೆನ್ಸು..."

"ತೆಗಿ ಅಂದೆ."

ವರದಿ ನೋಡಿದರು. ಮುಖ ಮೊದಲು ಬಿಳಿಚಿತು, ಆಮೇಲೆ ಕೆಂಪಗಾಯಿತು. "ಹನ್ನೊಂದಾ? ನನಗಾ?"

"ಬೇಜಾರ್ ಮಾಡ್ಕೋಬೇಡ, ಎಲ್ರಿಗೂ ಒಂದೊಂದ್ಸಲ..." ಎಂದು ಗಂಡ ಶುರುಮಾಡಿದರು.

"ಸುಮ್ನಿರ್ರೀ. ಯಾರು ತಿದ್ದಿದ್ದು ಇದನ್ನ?"

ಕೆಳಗೆ ಸಣ್ಣಕ್ಷರದಲ್ಲಿ ವಿವರಣೆಯೇನೋ ಇತ್ತು. ಓದಲು ಕನ್ನಡಕ ಬೇಕಿತ್ತು. ಅದು ಮೇಡಂ ಹಣೆಯ ಮೇಲೇ ಇತ್ತು; ಆ ಗಾಬರಿಯಲ್ಲಿ ಯಾರಿಗೂ ಹೊಳೆಯಲಿಲ್ಲ. ಮೇಡಂ ಜಗಳವೇನೋ ಜೋರಾಗಿಯೇ ಆಡಿದರು, ಆದರೆ ತಟ್ಟೆಯಲ್ಲಿದ್ದ ಊಟ ಹಾಗೇ ಉಳಿಯಿತು.

ಮಾರನೆಯ ಬೆಳಿಗ್ಗೆ ಡ್ರೈವಿಂಗ್ ಸ್ಕೂಲಿನ ಕಾರಿನಲ್ಲೇ ಆಸ್ಪತ್ರೆಗೆ ಹೊರಟರು. ಕಲಿಸುವವರಿಗೂ ಒಂದು ಬ್ರೇಕ್ ಇರುವ ಕಾರು. ತಮ್ಮ ಓಡಿಸುತ್ತಿದ್ದ, ಪಕ್ಕದಲ್ಲಿ ಕೂತ ಭಾವ, ಆಸ್ಪತ್ರೆ ಹತ್ತಿರವಾದಂತೆಲ್ಲ ತಮಗರಿವಿಲ್ಲದೆ ಆ ಬ್ರೇಕ್ ಒತ್ತುತ್ತಿದ್ದರು.

"ಭಾವ, ಕಾಲು ತೆಗೀರಿ!"

"ನಾನೆಲ್ಲೋ ಇಟ್ಟಿದೀನಿ?"

ಮೂವರೂ ಮುಗ್ಗರಿಸುತ್ತ ಮುಗ್ಗರಿಸುತ್ತ ತಲುಪಿದರು. ಡಾಕ್ಟರಮ್ಮ ವರದಿ ನೋಡಿ ಮುಗುಳ್ನಕ್ಕರು. ತಮ್ಮನಿಗೆ ತಡೆಯಲಾಗಲಿಲ್ಲ.

"ಡಾಕ್ಟ್ರೇ, ಮರುಮೌಲ್ಯಮಾಪನ ಮಾಡಿಸ್ಬಹುದಾ? ನಮ್ಮಕ್ಕ ಯಾವತ್ತೂ ತೊಂಬತ್ತಕ್ಕಿಂತ ಕೆಳಗೆ ತೆಗೆದವಳೇ ಅಲ್ಲ."

"ತೊಂಬತ್ತು ಬಂದಿದ್ರೆ ನಾನು ನಗ್ತಾ ಇರ್ತಿರ್ಲಿಲ್ಲಪ್ಪ. ಇದರಲ್ಲಿ ಕಡಿಮೆ ಬಂದಷ್ಟೂ ಒಳ್ಳೇದು."

ಡಾಕ್ಟರಮ್ಮ ವರದಿಯನ್ನು ಮೇಡಂ ಕಡೆ ತಿರುಗಿಸಿದರು.

"ಗಂಟಿನಲ್ಲಿ ಇಪ್ಪತ್ತೊಂದು ಜೀನ್‌ಗಳನ್ನ ನೋಡ್ತಾರೆ ಮೇಡಂ. ಇವೆಯೋ ಇಲ್ವೋ ಅಂತಲ್ಲ, ಎಷ್ಟು ಜೋರಾಗಿ ಕೆಲಸ ಮಾಡ್ತಿವೆ ಅಂತ. 'ಬೆಳಿ, ಹರಡು' ಅಂತ ಹುರಿದುಂಬಿಸೋವು ನಿಮ್ಮಲ್ಲಿ ಮೆತ್ತಗಿವೆ."

ಮೇಡಂ ಮುಂದಕ್ಕೆ ಬಾಗಿದರು. "ಅಂದ್ರೆ ನೀವು ತಗೊಳ್ಳೋದು ಹಾಜರಿ ಅಲ್ಲ. ಬಾಗಿಲ ಹೊರಗೆ ನಿಂತು, ಯಾರು ಎಷ್ಟು ಗಲಾಟೆ ಮಾಡ್ತಿದಾರೆ ಅಂತ ಕೇಳಿಸ್ಕೊಳ್ಳೋದು."

"ಸರಿಯಾಗಿ ಹೇಳಿದ್ರಿ. ನಿಮಗೆ ಕೀಮೋದಿಂದ ಹೆಚ್ಚು ಲಾಭ ಇಲ್ಲ, ಬೇಡ. ರೇಡಿಯೇಷನ್ ಕೊಡೋಣ, ಆಮೇಲೆ ಐದು ವರ್ಷ ದಿನಕ್ಕೊಂದು ಮಾತ್ರೆ. ಕ್ಯಾನ್ಸರ್ ಮತ್ತೆ ಬರೋದೇ ಇಲ್ಲ ಅಂತ ಬರೆದುಕೊಡೋಕಾಗಲ್ಲ. ಆದ್ರೆ ಬರೋ ಸಂಭವ ಕಡಿಮೆ."

ಬರುವುದೇ ಇಲ್ಲ ಎಂದು ಬೆನ್ನು ತಟ್ಟಿದ್ದರೆ ಮೇಡಂ ನಂಬುತ್ತಿರಲಿಲ್ಲ. ಸಂಭವದ ಲೆಕ್ಕ ಅವರು ಮಕ್ಕಳಿಗೆ ಹೇಳಿಕೊಡುವಂಥದ್ದೇ. ತಲೆಯಾಡಿಸಿ ಎದ್ದರು. ಕಾರಿಡಾರಿಗೆ ಬಂದು ಗೋಡೆ ಹಿಡಿದು ನಿಂತರು.

"ಏನಾಯ್ತು?" ಗಂಡ ಗಾಬರಿಯಾದರು.

"ಹಸಿವಾಗ್ತಿದೆ ರೀ. ಎಷ್ಟು ದಿನ ಆಗಿತ್ತೋ."

ಕ್ಯಾಂಟೀನಿನಲ್ಲಿ ಮೇಡಂ ಒಂದು ತಟ್ಟೆ ಖಾಲಿ ಮಾಡಿ ಇನ್ನೊಂದಕ್ಕೆ ತಮ್ಮನನ್ನು ಓಡಿಸಿದರು. ಎದುರಿಗೆ ಗಂಡ, ಟೀ ಲೋಟ ಹಿಡಿದು ಬಿಕ್ಕಿ ಬಿಕ್ಕಿ ಅಳತೊಡಗಿದರು.

"ಅಳೋ ಹೊತ್ತಲ್ಲಿ ಅಳದೆ ಈಗ್ಯಾಕ್ರೀ?"

"ಆಗ ನೀನು ನೋಡ್ತಾ ಇದ್ಯಲ್ಲ."

"ಈಗಲೂ ನೋಡ್ತಾನೇ ಇದೀನಿ" ಎಂದು ಮೇಡಂ ಅವರ ಕೈ ಹಿಡಿದುಕೊಂಡರು.

ಪಕ್ಕದ ಮೇಜಿನ ಅಜ್ಜಿ, ಪಾಪ, ಏನೋ ಕೆಟ್ಟ ಸುದ್ದಿ ಬಂದಿರಬೇಕು ಅಂದುಕೊಂಡು ತನ್ನ ಸಕ್ಕರೆ ಡಬ್ಬಿಯನ್ನು ಮೆಲ್ಲಗೆ ಇತ್ತ ತಳ್ಳಿದಳು. ಮೇಡಂ ಕಣ್ಣೊರೆಸಿಕೊಂಡು ತಮ್ಮ ಟೀಗೆ ಎರಡು ಚಮಚ ಹಾಕಿಕೊಂಡರು.