ಬಾಗಿಲತನಕದ ಕರಾರು

ಆ ಬಸ್ಸಿಗೆ ಇನ್ನು ಕಾಲಿಡುವುದಿಲ್ಲವೆಂದು ಚಾಂದ್ ಬೀ ಹಟ ಹಿಡಿದು ಎರಡು ತಿಂಗಳಾಗಿತ್ತು. ಬಸ್ಸು ಬೇರೆ ಯಾರದೋ ಆಗಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಅದು ಅವಳ ಗಂಡ ನೂರ್ ಅಹಮದನದೇ. ವಿಜಯಪುರದ ರೇಷ್ಮೆಗೂಡಿನ ದಲ್ಲಾಳಿ ಕೆಲಸ ಬಿಟ್ಟು, ಹೆಂಡತಿಯ ಕೊರಳಿನ ಸರವನ್ನೂ ಮಾರಿ ಕೊಂಡ ಬಸ್ಸು. ದೊಡ್ಡಬಳ್ಳಾಪುರದಿಂದ ತ್ಯಾಮಗೊಂಡ್ಲಿಗೆ ದಿನಕ್ಕೊಂದು ಸಲ ಹೋಗಿ ಬರುವುದು ಅದರ ಕೆಲಸ. ಯುದ್ಧ ಶುರುವಾಗಿ ಪೆಟ್ರೋಲು ಕೂಪನ್ನಿಗೆ ಇಳಿದ ಮೇಲೆ ಅದರ ಬೆನ್ನಿಗೊಂದು ಪೀಪಾಯಿ ಕಟ್ಟಿ, ಇದ್ದಿಲು ಉರಿಸಿ ಓಡಿಸುತ್ತಿದ್ದರು. ಓಡಿಸುತ್ತಿದ್ದರು ಎನ್ನುವುದು ಸ್ವಲ್ಪ ದೊಡ್ಡ ಮಾತೇ. ಸಮ ನೆಲದಲ್ಲಿ ಅದು ಓಡುತ್ತಿತ್ತು. ದಾರಿಯಲ್ಲಿ ಹುಣಸೆ ದಿಣ್ಣೆಯ ಏರು ಬಂದರೆ ಕೆಮ್ಮಿ ಕೆಮ್ಮಿ ನಿಂತುಬಿಡುತ್ತಿತ್ತು.

ಹಾಗೆ ನಿಂತ ಒಂದು ದಿನ ಚಾಂದ್ ಬೀ ಒಳಗಿದ್ದಳು. ಮಗಳು ಬಶೀರುನ್ನೀಸಾಳನ್ನು ತ್ಯಾಮಗೊಂಡ್ಲಿನ ಗಂಡನ ಮನೆಯಲ್ಲಿ ನೋಡಿಕೊಂಡು, ಅವಳು ಬಸುರಿಯೆಂಬ ಸುದ್ದಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಬರುತ್ತಿದ್ದಳು. ಬುರ್ಖಾದೊಳಗೆ ಬೆವರುತ್ತ ಹೊತ್ತು ಇಳಿಯುವತನಕ ಕೂತಳು. ದಿಣ್ಣೆಯ ಪಕ್ಕದ ಹಳ್ಳಿಯವರು ಎತ್ತು ತಂದರು ನಿಜ. ಆದರೆ ಸಿಕ್ಕಿಬಿದ್ದವರ ಮುಖ ನೋಡಿ ದರ ಹೇಳಿದರು, ತಮ್ಮ ಊರಿನ ಅರಳಿಕಟ್ಟೆತನಕ ಎಳೆದು ನೊಗ ಬಿಚ್ಚಿದರು. ಅಲ್ಲಿಂದ ಮನೆಗೆ ಬಾಡಿಗೆ ಗಾಡಿಯಲ್ಲಿ ಬಂದದ್ದಾಯಿತು. ಈಗ ನೋಡಿದರೆ ಇನ್ನು ಎರಡು ತಿಂಗಳಿಗೆ ಹೆರಿಗೆಗೆಂದು ಮಗಳನ್ನು ಕರೆತರಬೇಕು. ಎತ್ತಿನ ಗಾಡಿಯ ಕುಲುಕಾಟ ಕೂಡದು, ಮೋಟಾರಿನಲ್ಲೇ ಬರಲಿ ಎಂದು ಹಕೀಮರು ಬೇರೆ ಹೇಳಿದ್ದರು.

"ಕೇಳಿ," ಎಂದಳು ಚಾಂದ್ ಬೀ ಗಂಡನಿಗೆ. ಅವರ ಮನೆಮಾತು ದಖನಿ ಉರ್ದು. ನಾವು ಕನ್ನಡದಲ್ಲಿ ಕೇಳಿಸಿಕೊಳ್ಳೋಣ. "ಗಾಡಿ ಎಲ್ಲೇ ನಿಂತ್ರೂ ಬಂದು ನೋಡ್ಕೊಳ್ತೀನಿ ಅಂತ ಮಾತು ಕೊಡೋ ಒಬ್ಬ ಮನುಷ್ಯನ್ನ ಗೊತ್ತು ಮಾಡಿ. ಅಲ್ಲೀತನಕ ನನ್ನ ಮಗಳು ಇದನ್ನ ಹತ್ತೋದಿಲ್ಲ. ಬೆಲೆ ಮಾತ್ರ ನನ್ನ ಮುಂದೆ ಆಗ್ಲಿ."

ಕೊನೆಯ ಮಾತಿಗೆ ಕಾರಣವಿತ್ತು. ನೂರ್ ಅಹಮದ್ ಬೇರೆಯವರ ಗೂಡಿಗೆ ಬೆಲೆ ಕುದುರಿಸುವುದರಲ್ಲಿ ನಿಸ್ಸೀಮ, ತನ್ನ ಸ್ವಂತಕ್ಕೆ ಕುದುರಿಸಲು ಕೂತರೆ ಬೆಣ್ಣೆ. ಯಾರಾದರೂ ಅವನನ್ನು ಬೋಳಿಸಲು ಹೊರಟರೆ ಅವನ ಎಡಗಿವಿ ಕೆಂಪಗಾಗುತ್ತಿತ್ತು, ಬಾಯಿ ಮಾತ್ರ "ಆಯ್ತು, ಆಯ್ತು" ಎನ್ನುತ್ತಿತ್ತು. ಆ ಕಿವಿಯನ್ನು ಚಾಂದ್ ಬೀ ಮದುವೆಯಾದ ವರ್ಷದಿಂದ ಓದಿಕೊಂಡು ಬಂದಿದ್ದಳು. ಅದಕ್ಕೇ ವ್ಯವಹಾರದ ಮಾತಿದ್ದಾಗ ಅವಳು ನಡುಮನೆಯ ಪರದೆಯ ಹಿಂದೆ, ಕಿವಿ ಕಾಣುವ ಜಾಗ ನೋಡಿಯೇ ಕೂರುತ್ತಿದ್ದಳು. ಕೆಂಪಾಯಿತೋ, ಬಳೆ ಸದ್ದು ಮಾಡುತ್ತಿದ್ದಳು.

ಮೊದಲು ಬಂದವನು ಬೆಂಗಳೂರಿನ ಒಂದು ಮೋಟಾರು ಕಂಪನಿಯ ನರಸಿಂಹಯ್ಯ. ಸಭ್ಯ ಮನುಷ್ಯ. ಟೀ ಕುಡಿದು, ಅಚ್ಚು ಹಾಕಿಸಿದ ಕಾಗದ ಹರಡಿ, ವರ್ಷಕ್ಕಿಷ್ಟು ಕಟ್ಟಿದರೆ ಗಾಡಿ ಕೆಟ್ಟಾಗ ಅಂಚೆಕಚೇರಿಯಿಂದ ತಾರು ಕೊಟ್ಟರೆ ಸಾಕು, ಮೆಕ್ಯಾನಿಕ್ ಬರುತ್ತಾನೆ ಎಂದ.

ಪರದೆಯ ಹಿಂದಿನಿಂದ ಕನ್ನಡದಲ್ಲೇ ದನಿ ಬಂತು. "ಹುಣಸೆ ದಿಣ್ಣೇಲಿ ತಾರಾಪೀಸು ಎಲ್ಲಿದೆ, ಕೇಳಿ."

ನರಸಿಂಹಯ್ಯ ಪರದೆಗೇ ನಮಸ್ಕಾರ ಮಾಡಿ, "ಹತ್ತಿರದ ಊರಿಂದ ಕೊಡಬೇಕಾಗುತ್ತೆ ತಾಯಿ," ಎಂದ.

"ಇದ್ದಿಲಿನ ಪೀಪಾಯಿ ಕೆಟ್ರೆ?"

"ಅದು ಇದರಲ್ಲಿ ಬರೋದಿಲ್ಲ. ಎಂಜಿನ್ ಮಾತ್ರ."

"ಗಾಡಿಯೊಳಗೆ ಕೂತಿರೋ ಜನ?"

ನರಸಿಂಹಯ್ಯ ಪಾಪ, ಕಾಗದವನ್ನು ಮೇಲಿನಿಂದ ಕೆಳಗಿನತನಕ ಪ್ರಾಮಾಣಿಕವಾಗಿ ನೋಡಿದ. "ಜನದ ಮಾತು ಇದರಲ್ಲಿ ಎಲ್ಲೂ ಇಲ್ಲ ತಾಯಿ," ಎಂದು ಒಪ್ಪಿಕೊಂಡ. ಬೆಲೆ ಕೇಳಿದ ಮೇಲೆ ಚಾಂದ್ ಬೀ ಒಳಗಿನಿಂದಲೇ ನಿಟ್ಟುಸಿರು ಬಿಟ್ಟು, "ಅಷ್ಟಕ್ಕೆ ಒಂದು ಜೊತೆ ಎತ್ತೇ ಬರ್ತವಲ್ಲ," ಎಂದಳು. ನರಸಿಂಹಯ್ಯ ಇನ್ನೊಂದು ಲೋಟ ಟೀ ಕುಡಿದು ಹೋದ. ಆದರೆ ಎತ್ತಿನ ಮಾತು ನೂರ್ ಅಹಮದನ ತಲೆಯಲ್ಲಿ ಉಳಿಯಿತು. ನಿಲ್ಲುವುದು ಯಾವಾಗಲೂ ಅದೇ ದಿಣ್ಣೆಯ ಆಸುಪಾಸಿನಲ್ಲಿ. ಅಲ್ಲೇ ಎತ್ತಿರುವ ಒಬ್ಬನನ್ನು ವರ್ಷಕ್ಕೆ ಗೊತ್ತು ಮಾಡಿಕೊಂಡರೆ ಹೇಗೆ?

ಹಾಗೆ ಬಂದವನು ದೊಡ್ಡಬೀರಪ್ಪ. ದಿಣ್ಣೆಯ ಹಳ್ಳಿಯವನು, ಆ ಸೀಮೆಯ ದನದ ವ್ಯಾಪಾರದಲ್ಲಿ ಗಟ್ಟಿಕುಳ ಎಂದು ಹೆಸರಾದವನು. ಅವನ ಹತ್ತಿರ ಒಂದು ಕಾಸು ಬಿಡಿಸಿಕೊಂಡವರನ್ನು ಯಾರೂ ಕಂಡಿರಲಿಲ್ಲ. ಜಗಲಿಯ ಮೇಲೆ ಕೂತು, ಎಲೆಯಡಿಕೆ ಹಾಕಿಕೊಂಡು, ಷರತ್ತುಗಳನ್ನೆಲ್ಲ ಬಾಯಲ್ಲೇ ಆಡಿದ. ಈ ಯುಗಾದಿಯಿಂದ ಬರುವ ಯುಗಾದಿತನಕ. ಗಾಡಿ ಕೆಟ್ಟರೂ ಸರಿ ಕೆಡದಿದ್ದರೂ ಸರಿ, ತಿಂಗಳ ದುಡ್ಡು ಕೊಡಬೇಕು. ಒಕ್ಕಣೆ ಇರಲಿ, ಉಳುಮೆ ಇರಲಿ, ಕರೆದ ಗಳಿಗೆಗೆ ಎತ್ತು ಬರುತ್ತವೆ.

"ಬೆಲೆ?" ಎಂದ ನೂರ್ ಅಹಮದ್.

ದೊಡ್ಡಬೀರಪ್ಪ ಹೆಗಲಿನ ಟವೆಲು ತೆಗೆದು ಇಬ್ಬರ ಕೈಗಳ ಮೇಲೆ ಹಾಸಿದ. ದನದ ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಆಡುವುದಿಲ್ಲ. ಬಟ್ಟೆಯ ಕೆಳಗೆ ಬೆರಳು ಹಿಡಿದು ಹೇಳುತ್ತಾರೆ. ಐದು ಬೆರಳು ಹಿಡಿದರೆ ಐದು ರೂಪಾಯಿ. ಸುತ್ತ ನಿಂತವರಿಗೆ ಅದು ತಿಳಿಯುವುದಿಲ್ಲ, ಆಮೇಲೆ ತಿಳಿಸುವಂತೆಯೂ ಇಲ್ಲ. ಗೂಡಿನ ದಲ್ಲಾಳಿಯಾಗಿದ್ದ ನೂರ್ ಅಹಮದನಿಗೂ ಈ ಭಾಷೆ ಬರುತ್ತಿತ್ತು. ಅಡಚಣೆಯಾದದ್ದು ಚಾಂದ್ ಬೀಗೆ. ಇಷ್ಟು ವರ್ಷದಲ್ಲಿ ಅವಳಿಗೆ ಬೆಲೆ ಕೇಳಿಸದ ವ್ಯಾಪಾರ ಇದೇ ಮೊದಲು. ಇನ್ನುಳಿದದ್ದು ಕಿವಿಯೊಂದೇ.

ಟವೆಲು ಅಲುಗಾಡಿತು. ಕಿವಿ ತನ್ನ ಬಣ್ಣದಲ್ಲೇ ಇತ್ತು. ಮತ್ತೆ ಅಲುಗಾಡಿತು. ಗಂಡ ತಲೆಯಾಡಿಸಿದ, ಬೀರಪ್ಪ ನಕ್ಕ. ಕೆಲಸ ಸುಸೂತ್ರವಾಗಿ ಮುಗಿಯುವಂತಿತ್ತು. ಆಗ ಚಾಂದ್ ಬೀಗೆ ಅರಳಿಕಟ್ಟೆ ನೆನಪಾಯಿತು.

"ಇವರ ಊರಿನ ಕಟ್ಟೆತನಕ ಎಳೆದು ಬಿಟ್ರೆ ಆಗೋದಿಲ್ಲ, ಹೇಳಿ," ಎಂದಳು, ಬೀರಪ್ಪನಿಗೂ ತಿಳಿಯಲೆಂದು ಕನ್ನಡದಲ್ಲೇ. "ಈ ಬಾಗಿಲತನಕ ತಂದು ಬಿಡಬೇಕು. ನನ್ನ ಮಗಳು ಬಸುರಿ. ಅವಳು ಅದ್ರಲ್ಲೇ ಬರಬೇಕು."

ಬೀರಪ್ಪ ಪರದೆಯ ಕಡೆ ತಿರುಗಿದ. ಬಾಯಲ್ಲಿದ್ದ ಎಲೆ ಅಗಿಯುವುದನ್ನು ನಿಲ್ಲಿಸಿದ. "ಎಷ್ಟು ತಿಂಗಳು ತಾಯಿ?"

"ಐದು ತುಂಬ್ತು."

ಬೀರಪ್ಪ ಟವೆಲನ್ನು ಸರಿಮಾಡಿ ಮತ್ತೆ ಕೈ ಒಳಗಿಟ್ಟ. ಟವೆಲು ಒಂದೇ ಸಲ ಅಲುಗಿತು, ನೂರ್ ಅಹಮದನ ಎಡಗಿವಿ ದಾಸವಾಳದ ಹಾಗೆ ಕೆಂಪಾಯಿತು. ಚಾಂದ್ ಬೀ ಬಳೆ ಅಲ್ಲಾಡಿಸಿದಳು. ಕೇಳಿಸದಿದ್ದರೆ ಎಂದು ಇನ್ನೊಮ್ಮೆ ಜೋರಾಗಿ ಅಲ್ಲಾಡಿಸಿದಳು. ಗಂಡ ಪರದೆಯತ್ತ ನೋಡದೆ, "ಆಯ್ತು ಬೀರಪ್ಪ," ಎಂದುಬಿಟ್ಟ. ಬೀರಪ್ಪ ಅವನ ಕಿವಿಯ ಹತ್ತಿರ ಬಗ್ಗಿ ಏನೋ ಪಿಸುಗುಟ್ಟಿ, ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಟ.

"ಎಷ್ಟು?" ಎಂದಳು ಚಾಂದ್ ಬೀ.

"ಟವೆಲಿನ ಕೆಳಗಿನ ಮಾತು. ಹೇಳೋ ಹಾಗಿಲ್ಲ."

"ನಾನು ನಿಮ್ಮ ಹೆಂಡತಿ."

"ನೀನು ಹೆಂಡತಿ, ಅದು ಟವೆಲು. ಎರಡಕ್ಕೂ ಮರ್ಯಾದೆ ಇದೆ ಬೀಬಿ," ಎಂದ ನೂರ್ ಅಹಮದ್. ಬೆಣ್ಣೆಯಂಥ ಆ ಮನುಷ್ಯ ಜೀವಮಾನದಲ್ಲಿ ಗಟ್ಟಿಯಾಗಿ ನಿಂತದ್ದು ಈ ಒಂದು ವಿಷಯಕ್ಕೆ. ಅದೂ ತನ್ನ ಮೇಲೆಯೇ ಎಂದು ಚಾಂದ್ ಬೀಗೆ ಮೈ ಉರಿದುಹೋಯಿತು.

ಅವಳ ಲೆಕ್ಕ ಸ್ಪಷ್ಟವಾಗಿತ್ತು. ತಾನು ಬಾಗಿಲಿನ ಮಾತು ಎತ್ತುವತನಕ ಕಿವಿ ಸರಿಯಾಗಿತ್ತು. ಎತ್ತಿದ್ದೇ ತಡ, ಗರಜು ಇದೆಯೆಂದು ಕಂಡುಕೊಂಡು ಆ ಗಟ್ಟಿಕುಳ ಬೆಲೆ ಏರಿಸಿದ್ದಾನೆ. ಬಸುರಿ ಮಗಳ ಹೆಸರು ಹೇಳಿ ತಾನೇ ಕತ್ತು ಕೊಟ್ಟ ಹಾಗಾಯಿತು. ಬಾಗಿಲಿನ ಮಾತನ್ನಾದರೂ ಅವನು ನಡೆಸುತ್ತಾನೋ ಇಲ್ಲವೋ. ತನ್ನ ತಪ್ಪಿಗೆ ತನ್ನನ್ನೇ ಬೈದುಕೊಳ್ಳುವುದು ಅವಳಿಗೆ ಅಭ್ಯಾಸವಿರಲಿಲ್ಲವಾದ್ದರಿಂದ ಗಂಡನ ಟೀಗೆ ಸಕ್ಕರೆ ಹಾಕುವುದನ್ನು ಬಿಟ್ಟಳು. ಬೀರಪ್ಪನಿಗೆ ಹೋಗುವುದು ಎಲ್ಲಿಂದಲಾದರೂ ಉಳಿಯಬೇಕಲ್ಲ. ನೂರ್ ಅಹಮದ್ ಸಪ್ಪೆ ಟೀಯನ್ನು ಊದಿ ಊದಿ ಕುಡಿದು, "ಚೆನ್ನಾಗಿದೆ," ಎನ್ನುತ್ತಿದ್ದ. ಅದು ಅವಳ ಸಿಟ್ಟನ್ನು ಇನ್ನಷ್ಟು ಬೆಳೆಸುತ್ತಿತ್ತು.

ಏಳು ತಿಂಗಳಿಗೆ ಬಿದ್ದ ಮಗಳನ್ನು ಕರೆತರುವ ದಿನ ಬಂತು. ಬೆಳಿಗ್ಗೆ ಪೀಪಾಯಿಗೆ ಇದ್ದಿಲು ತುಂಬಿ, ತಿದಿ ತಿರುಗಿಸಿ, ಮೈಯೆಲ್ಲ ಮಸಿ ಮಾಡಿಕೊಂಡು ನೂರ್ ಅಹಮದ್ ಹೊರಟ. ಮಧ್ಯಾಹ್ನದ ನಮಾಜಿನ ಹೊತ್ತಿಗೆ ವಾಪಸು ಬರುವುದು ವಾಡಿಕೆ. ಚಾಂದ್ ಬೀ ಮಗಳಿಗೆ ಇಷ್ಟವಾದ ಶ್ಯಾವಿಗೆ ಮಾಡಿ ಮುಚ್ಚಿಟ್ಟಳು. ಬಾಂಗಿನ ಕೂಗಾಯಿತು, ನಮಾಜೂ ಆಯಿತು, ಬಸ್ಸಿನ ಸದ್ದಿಲ್ಲ. ಎದುರು ಮನೆಯ ನೇಕಾರ ಪಾಪಯ್ಯನ ಮಗ್ಗ ಒಂದೇ ಸಮ ಬಡಿದುಕೊಳ್ಳುತ್ತಿತ್ತು. ಬಿಸಿಲು ಜಗಲಿಯಿಂದ ಇಳಿದು ಬೀದಿಯ ಆ ಕಡೆಗೆ ಹೋಯಿತು. ಶ್ಯಾವಿಗೆ ಗಂಟಾಯಿತು.

ಅವಳಿಗೆ ಭಯವಾಯಿತು. ಸಿಟ್ಟೆಲ್ಲ ಎಲ್ಲಿಗೆ ಹೋಯಿತೋ, ಇದ್ದದ್ದು ಬರೀ ಭಯ. ಹುಡುಗಿ ದಿಣ್ಣೆಯ ಬಿಸಿಲಿನಲ್ಲಿ ಕೂತಿರಬೇಕು. ತಾನಾದರೆ ಗಟ್ಟಿ ಹೆಂಗಸು, ಕೂತೆ. ಅವಳು ಹೇಗೆ ಕೂರುತ್ತಾಳೆ? ಎರಡು ಸಲ ಬಳೆ ಅಲ್ಲಾಡಿಸಿ ಆ ಮನುಷ್ಯನನ್ನು ಅವಮಾನ ಮಾಡಿದೆನಲ್ಲ, ಆ ಮುನಿಸಿಗೆ ಅವನು ಎತ್ತು ಹೂಡದಿದ್ದರೆ? ಅವನು ಕೇಳಿದ್ದಕ್ಕೆ ಇನ್ನೆರಡು ಸೇರಿಸಿ ಕೊಡುತ್ತೇನೆ, ಹುಡುಗಿ ಮನೆ ಸೇರಿದರೆ ಸಾಕು ಎಂದು ಅವಳು ಪರದೆಯನ್ನು ಮುದ್ದೆ ಮಾಡಿ ಹಿಡಿದುಕೊಂಡು ನಿಂತಳು.

ಆಗ ಬೀದಿಯ ತುದಿಯಲ್ಲಿ ಎತ್ತಿನ ಕೊರಳಿನ ಗಂಟೆ ಕೇಳಿಸಿತು.

ಮೊದಲು ಕಂಡದ್ದು ಬಿಳಿಯ ಎತ್ತಿನ ಜೋಡಿ, ಅವುಗಳ ಮುಂದೆ ಇನ್ನೊಂದು ಜೋಡಿ. ಹಿಂದೆ ಮಿಣಿಹಗ್ಗಕ್ಕೆ ಬಿಗಿದ ಬಸ್ಸು ಮದುವೆ ಮೆರವಣಿಗೆಯ ಗತ್ತಿನಲ್ಲಿ ಬರುತ್ತಿತ್ತು. ನೂರ್ ಅಹಮದ್ ಸ್ಟೇರಿಂಗ್ ಹಿಡಿದು ಗಂಭೀರವಾಗಿ ಕೂತಿದ್ದ. ಪಾಪಯ್ಯ ಮಗ್ಗ ನಿಲ್ಲಿಸಿ ಹೊರಗೆ ಬಂದು, "ಏನ್ ಸಾಬ್ರೇ, ಇದ್ದಿಲು ಬಿಟ್ಟು ಹುಲ್ಲು ಹಾಕೋಕೆ ಶುರು ಮಾಡಿದ್ರಾ?" ಎಂದ. ಬೀದಿಯೆಲ್ಲ ನಕ್ಕಿತು. ಕಿಟಕಿಯಲ್ಲಿ ಬಶೀರುನ್ನೀಸಾ ಕೂಡ ನಗುತ್ತಿದ್ದಳು. ಅವಳ ಬೆನ್ನಿಗೆ ಮಡಿಸಿದ ಕಂಬಳಿ ಒತ್ತುಕೊಟ್ಟು ಪಕ್ಕದಲ್ಲಿ ಒಬ್ಬ ಹಳ್ಳಿಯ ಹೆಂಗಸು ಕೂತಿದ್ದಳು.

ಎತ್ತುಗಳು ಮನೆಯ ಮುಂದೆ ನಿಂತವು. ದೊಡ್ಡಬೀರಪ್ಪ ಹಿಂದಕ್ಕೆ ಬಂದು ನೋಡಿದ. ಬಸ್ಸಿನ ಬಾಗಿಲು ಪಕ್ಕದ ಮನೆಯ ಗೋಡೆಗೆ ನೇರವಾಗಿತ್ತು. ಅವನು ತಲೆಯಾಡಿಸಿ, ಎತ್ತುಗಳ ಬೆನ್ನು ಸವರಿ, ನಾಲ್ಕು ಹೆಜ್ಜೆ ಮುಂದಕ್ಕೆ ನಡೆಸಿ, ಬಸ್ಸಿನ ಬಾಗಿಲು ಮನೆಯ ಬಾಗಿಲಿಗೆ ಎದುರಾಗುವಂತೆ ನಿಲ್ಲಿಸಿದ. "ಬಾಗಿಲು ಇದೇ ತಾನೇ ತಾಯಿ," ಎಂದ.

ಚಾಂದ್ ಬೀ ಓಢ್ಣಿಯನ್ನು ತಲೆಯ ಮೇಲೆ ಎಳೆದುಕೊಂಡು ಹೊಸ್ತಿಲು ದಾಟಿ ಬಂದು ಮಗಳನ್ನು ಇಳಿಸಿಕೊಂಡಳು. ಆ ಹೆಂಗಸು ಬೀರಪ್ಪನ ಹೆಂಡತಿ ಅಂಜಿನಮ್ಮ. ಮಗಳನ್ನು ಒಳಗೆ ಮಲಗಿಸಿ, ನೀರು ಕುಡಿಸಿದ ಮೇಲೆ ಚಾಂದ್ ಬೀ ಅವಳ ಕೈ ಹಿಡಿದುಕೊಂಡಳು.

"ನೀನು ಯಾಕಮ್ಮ ಇಷ್ಟು ದೂರ ಬಂದೆ?"

"ಹಾದೀಲಿ ಹೆಣ್ಣು ಮಗ ಒಬ್ಳೇ ಕುಂತಿರ್ತದೆ ಅಂತ ನಮ್ಮೋರು ಹೇಳುದ್ರು ಕಣಕ್ಕ. ನನ್ನ ಚೊಚ್ಚಲಲ್ಲಿ ಗಾಡಿ ಅಚ್ಚು ಮುರೀತು. ಎಳ್ಕೊಂಡ್ ಬಂದೋರು ಊರ ಕಟ್ಟೇಲಿ ಬುಟ್ಬುಟ್ರು. ಅಲ್ಲಿಂದ ಅವ್ವನ ಮನೆ ಬಾಗ್ಲುಗಂಟ ನಡ್ಕೊಂಡ್ ಹೋದೆ. ಮಗ ಉಳೀಲಿಲ್ಲ." ಅಂಜಿನಮ್ಮ ಇದನ್ನು ಹಳೆಯ ಸುದ್ದಿ ಹೇಳುವ ದನಿಯಲ್ಲೇ ಹೇಳಿದಳು. "ಬಾಗ್ಲುಗಂಟ ಬುಡಿ ಅಂತ ಕೇಳೋರು ಅವತ್ತು ನಮಗೆ ಯಾರೂ ಇರ್ಲಿಲ್ಲ. ನೀವು ಕೇಳುದ್ರಂತೆ. ಆ ಮಾತು ಕೇಳ್ಕೊಂಡ್ ಬಂದ ರಾತ್ರಿ ನಮ್ಮೋರು ಉಣ್ಣಲೇ ಇಲ್ಲ."

ಚಾಂದ್ ಬೀ ಅವಳ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. ಆಮೇಲೆ ದನಿ ತಗ್ಗಿಸಿ ಕೇಳಿದಳು. "ತಿಂಗಳಿಗೆ ಎಷ್ಟು ಅಂತ ಆಗಿದೆ? ಇವರು ನನಗೆ ಹೇಳಿಲ್ಲ."

ಅಂಜಿನಮ್ಮ ಬಾಗಿಲ ಕಡೆ ಒಮ್ಮೆ ನೋಡಿ, ಸೆರಗಿನ ಮರೆಯಲ್ಲಿ ಒಂದು ಬೆರಳು ಎತ್ತಿದಳು. "ನಾಕಕ್ಕೆ ಬಂದು ನಿಂತಿತ್ತಂತೆ. ನಿಮ್ ಮಾತು ಕೇಳಿ ಒಂದಕ್ಕೆ ಇಳುಸುದ್ರು. ಒಂದ್ನೂ ಬುಟ್ರೆ ಕರಾರು ಅನ್ನುಸ್ಕೊಳ್ಳಲ್ಲ, ಎತ್ತಿಗೂ ಅವಮಾನ. ಯಾರ್ಗೂ ಹೇಳ್ಬೇಡಿ ಅಕ್ಕ, ಸಂತೇಲಿ ನಮ್ಮೋರ್ ಹೆಸ್ರು ಕೆಟ್ಟೋಯ್ತದೆ."

ಚಾಂದ್ ಬೀ ಜಗಲಿಗೆ ಬಂದಳು. ಬೀರಪ್ಪ ಎತ್ತುಗಳಿಗೆ ನೀರು ತೋರಿಸುತ್ತಿದ್ದ. ನೂರ್ ಅಹಮದ್ ಮಸಿ ಮೆತ್ತಿದ ಮುಖದಲ್ಲಿ ಕಂಬಕ್ಕೊರಗಿ, ಕೈಯಲ್ಲಿ ಟೀ ಲೋಟ ಹಿಡಿದು ಕೂತಿದ್ದ. ಅವತ್ತಿನದೂ ಸಪ್ಪೆ ಟೀಯೇ. ಅವಳನ್ನು ಕಂಡು ಎಡಗಿವಿ ಕೆಂಪಾಯಿತು. ಅದು ಬೋಳಿಸಿಕೊಂಡಾಗ ಮಾತ್ರ ಕೆಂಪಾಗುವುದಲ್ಲ, ಬೇರೆಯವರ ದೊಡ್ಡತನದ ಮುಂದೆ ನಾಚಿಕೆಯಾದಾಗಲೂ ಕೆಂಪಾಗುತ್ತದೆ ಎಂದು ಅವಳಿಗೆ ಆಗ ತಿಳಿಯಿತು. ಇಷ್ಟು ವರ್ಷ ಓದಿದ ಕಿವಿಯನ್ನು ಅವಳು ಅರ್ಧವೇ ಓದಿದ್ದಳು. ಈ ಮನುಷ್ಯನನ್ನು ಕಟ್ಟಿಕೊಂಡದ್ದಕ್ಕೆ ಅವಳಿಗೆ ಹೇಳಲಾರದಷ್ಟು ಸಂತೋಷವಾಯಿತು.

ಲೋಟ ಕಿತ್ತುಕೊಂಡು, ಟೀಯನ್ನು ಬೀದಿಗೆ ಚೆಲ್ಲಿದಳು. ಗಂಡನ ಪಕ್ಕದಲ್ಲಿ, ಪರದೆಯ ಈಚೆಗೆ, ಪಾಪಯ್ಯ ನೋಡುತ್ತಿದ್ದಾನೆ ಎಂಬುದನ್ನೂ ಲೆಕ್ಕಿಸದೆ ಕೂತಳು. ಓಢ್ಣಿಯ ತುದಿಯನ್ನು ಇಬ್ಬರ ಕೈಗಳ ಮೇಲೆ ಹಾಸಿ, ಅದರ ಕೆಳಗೆ ಅವನ ಬೆರಳು ಹುಡುಕಿ ಹಿಡಿದಳು.

"ಎಷ್ಟು?" ಎಂದು ಪಾಪಯ್ಯ ಆ ಕಡೆಯಿಂದ ಕೂಗಿ ಕೇಳಿದ.

ನೂರ್ ಅಹಮದ್ ಹೇಳಲಿಲ್ಲ. ಅವನು ಅದನ್ನು ಇವತ್ತಿನತನಕ ಯಾರಿಗೂ ಹೇಳಿಲ್ಲ.