ಪಟ್ಟಿಯ ಅಂಚು

ಎಂಬತ್ತನಾಲ್ಕನೇ ಇಸವಿಯಲ್ಲಿ ನನ್ನ ಮೊದಲ ಮಗುವಿಗೆ ಕುತ್ತಿಗೆಯಲ್ಲೇ ಊಟ. ಕರುಳಿನ ಆಪರೇಷನ್ ಆದ ಮೇಲೆ ಬಾಯಿಗೆ ಒಂದು ತೊಟ್ಟು ಹಾಲು ಬಿಡುವಂತಿರಲಿಲ್ಲ. ಕುತ್ತಿಗೆಯ ನರ ಕೊಯ್ದು, ಹೃದಯದ ಹತ್ತಿರದವರೆಗೆ ಇಳಿಸಿದ ಸಣ್ಣ ಕೊಳವೆಯಲ್ಲೇ ಸಕ್ಕರೆ ನೀರು, ಔಷಧಿ ಎಲ್ಲ. "ಕೊಳವೆಯ ಬಾಯಿಗೆ ಅಂಟಿಸಿರೋ ಈ ಪಟ್ಟಿ ಮಾತ್ರ ಮುಟ್ಟಬೇಡಿ. ಕೀವು ಹಿಡಿದರೆ ಬೇರೆ ದಾರಿ ಇಲ್ಲ" ಎಂದು ಬೆಂಗಳೂರಿನ ಆಸ್ಪತ್ರೆಯ ಡಾಕ್ಟರಮ್ಮ ಮೂರು ಸಲ ಹೇಳಿದ್ದರು. ಎಂಟನೇ ಕ್ಲಾಸು ಓದಿದವಳು ನಾನು, ಅರ್ಥವಾಗಲಿಲ್ಲ ಎನ್ನುವ ಹಾಗಿಲ್ಲ.

ಆರನೇ ದಿನ ನಮ್ಮತ್ತೆ ಹನುಮಕ್ಕ ಹೊಸೂರಿನ ಹತ್ತಿರದ ನಮ್ಮೂರು ಸಾನಮಾವಿನಿಂದ ಬಂದರು. ಸೆರಗಿನ ಗಂಟಿನಲ್ಲಿ ಮುನೇಶ್ವರನ ಗುಡಿಯ ಬೂದಿ. ಅವರ ಐದು ಮಕ್ಕಳು ಅದರಿಂದಲೇ ಬದುಕಿದವಂತೆ. ಸತ್ತ ಮೂರರ ಮಾತು ಅವರು ಎತ್ತುವುದಿಲ್ಲ.

"ಹಣೆಗಿಕ್ಕಿ ಅತ್ತೆ, ಸಾಕು" ಎಂದೆ.

"ನೋವಿರೋದು ಕುತ್ಗೆನಾಗೆ, ಹಣೆಗಿಕ್ಕಿ ಏನ್ ಮಾಡ್ಲಿ? ನರ್ಸಮ್ಮ ಬರೋದ್ರೊಳ್ಗೆ ಆ ಪಟ್ಟಿ ಒಸಿ ಎತ್ತು ಕಣೆ ಆದಿ."

ಎತ್ತಿದೆ. ಆರು ದಿನದಿಂದ ಯಾರ್ಯಾರೋ ನನ್ನ ಮಗುವಿಗೆ ಏನೇನೋ ಮಾಡುತ್ತಿದ್ದರು, ಹೆತ್ತವಳು ಮಾತ್ರ ಕೈಕಟ್ಟಿ ಕೂತಿದ್ದೆ. ಉಗುರಿನಿಂದ ಅಂಚು ಬಿಡಿಸಿದೆ. ಅತ್ತೆ ಒಂದು ಚಿಟಿಕೆ ಉದುರಿಸಿದರು. ಮತ್ತೆ ಅಂಟಿಸಿದೆ.

ಎಂಟನೇ ದಿನ ಜ್ವರ, ನಡುಕ. ಪಟ್ಟಿ ಬಿಚ್ಚಿದ ಡಾಕ್ಟರಮ್ಮ ಕೀವನ್ನೂ ನೋಡಿದರು, ಬೂದಿಯನ್ನೂ ನೋಡಿದರು. ಕೊಳವೆ ತೆಗೆದರು. ಇನ್ನೊಂದು ಹಾಕಲು ನರ ಸಿಗಲಿಲ್ಲ.

"ನನ್ನಿಂದ್ಲೇ ಆಯ್ತಾ, ಡಾಕ್ಟ್ರೇ?"

"ಇಷ್ಟು ಚಿಕ್ಕ ಮಕ್ಕಳಿಗೆ ಏನೂ ಹಾಕದಿದ್ದರೂ ಕೀವಾಗುತ್ತಮ್ಮ. ಹೇಳೋಕಾಗಲ್ಲ" ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಹತ್ತನೇ ದಿನ ಬೆಳಿಗ್ಗೆ ಮಗು ಹೋಯಿತು. ನನಗೆ ಅಳು ಬರಲಿಲ್ಲ. ಎದೆಹಾಲು ಸೋರಿ ರವಿಕೆ ನೆನೆದಿತ್ತು, ಅದೂ ಯಾರದೋ ರವಿಕೆ ಅನ್ನಿಸಿತು. ಮಗುವಿಗೆ ಬಟ್ಟೆ ಸುತ್ತಿ ಮಡಿಲಲ್ಲಿಟ್ಟುಕೊಂಡು ಹೊಸೂರಿನ ಬಸ್ಸಿನಲ್ಲಿ ಕೂತೆ. ಮಗು ನಿದ್ದೆ ಮಾಡುತ್ತಿದೆಯಾ ಎಂದು ಕಂಡಕ್ಟರ್ ತಮಿಳಿನಲ್ಲಿ ಕೇಳಿದ. ನನ್ನ ಗಂಡ ಮರಿಸ್ವಾಮಿ ಹೌದೆಂದು ತಲೆಯಾಡಿಸಿ, "ಆಮಾ" ಎಂದು ಕಿಟಕಿಯ ಕಡೆ ತಿರುಗಿದರು.

ಗಡಿಯ ಜೂಜುವಾಡಿ ದಾಟುವಾಗ ಅತ್ತೆ ನನ್ನ ಕೈ ಹಿಡಿದುಕೊಂಡು, ಬಾಯಿಗೆ ಸೆರಗು ಒತ್ತಿಕೊಂಡು ಅತ್ತರು. ಆಮೇಲೆ ನನ್ನ ಕಿವಿಯ ಹತ್ತಿರ ಬಂದರು.

"ಅವತ್ತು ನೀನು ಆ ಪಟ್ಟಿ ಇನ್ನೊಸಿ ಎತ್ತಿದ್ರೆ, ಇನ್ನೊಂದ್ ಚಿಟ್ಕೆ ಇಕ್ತಿದ್ದೆ ಕಣೆ. ಉಳ್ಕೊಂತಿತ್ತು ಕೂಸು."

"ಹೂಂ ಅತ್ತೆ" ಎಂದೆ. "ಇನ್ನೊಸಿ ಎತ್ಬೇಕಿತ್ತು."