ಬದಮಾಶರ ಮನೆಯ ನೀರು

ಚಿತ್ತಾಪುರ ಕೋರ್ಟಿನಲ್ಲಿ ನನ್ನ ಹೆಸರು ಕೂಗಿದರೆ ಹೊಸಬರು ತಿರುಗಿ ನೋಡುತ್ತಾರೆ. ವಕೀಲೆ ಉಮಾದೇವಿ ಬದಮಾಶ. ಕಕ್ಷಿದಾರರು ಮೊದಲ ದಿನ ಹಿಂಜರಿಯುತ್ತಾರೆ, ಎರಡನೆಯ ದಿನ ಇವಳೇ ಬೇಕು ಅನ್ನುತ್ತಾರೆ. ನಮ್ಮ ಕಡೆ ಪ್ರತಿ ಮನೆಗೂ ಒಂದು ಅಡ್ಡಹೆಸರು ಅಂಟಿಕೊಂಡಿರುತ್ತದೆ. ಕೆಲವರಿಗೆ ಊರಿನದು, ಕೆಲವರಿಗೆ ಕಾಯಿಪಲ್ಯದ್ದು. ನಮಗೆ ಅಂಟಿದ್ದು ಅಪರಾಧದ್ದು. ನನಗೆ ಅದರ ಬಗ್ಗೆ ಯಾವತ್ತೂ ನಾಚಿಕೆಯಾಗಿಲ್ಲ.

ನಾಚಿಕೆಯೆಲ್ಲ ನಮ್ಮಪ್ಪ ಚನ್ನಪ್ಪನಿಗೆ. ಶಹಾಬಾದದ ಅಂಬಾರಾಯರ ಮಗ ಮಲ್ಲಿನಾಥನ ಜೊತೆ ನನ್ನ ಲಗ್ನ ಗೊತ್ತಾಗಿತ್ತು. ಹುಡುಗ ನನಗೆ ಇಷ್ಟವಾಗಿದ್ದ, ಮುಚ್ಚುಮರೆ ಏನಿಲ್ಲ. ಆದರೆ ಅಂಬಾರಾಯರು ಫೋನು ಮಾಡಿ, "ಕಾರ್ಡಿನಾಗ ಆ ಹೆಸರು ಬ್ಯಾಡ್ರಿ, ನಮ್ಮ ಮಂದಿ ನಗ್ತಾರ. ಅದೇ ಹಾಕ್ತೀವಿ ಅಂದ್ರ ಲಗ್ನದ ಮಾತು ಮತ್ತೊಮ್ಮೆ ವಿಚಾರ ಮಾಡಬೇಕಾಗ್ತದ" ಅಂದರು. ಅಪ್ಪ ಯಾರಿಗೂ ಹೇಳದೆ ಮುನ್ನೂರು ಕಾರ್ಡು ಅಚ್ಚು ಹಾಕಿಸಿ ತಂದ. ನಮ್ಮ ಹೆಸರುಗಳ ಮುಂದೆ 'ಪಾಟೀಲ' ಅಂತಿತ್ತು.

ಮೊದಲ ಕಾರ್ಡಿನ ನಾಲ್ಕು ಮೂಲೆಗೆ ಅರಿಶಿಣ ಹಚ್ಚಿ ದೇವರ ಮುಂದಿಡುವುದು ಮನೆಯ ಹಿರಿಯರ ಕೆಲಸ. ನಮ್ಮಲ್ಲಿ ಅದು ಅಪ್ಪನ ತಾಯಿ, ನನ್ನ ಆಯಿ ಶರಣಬಸಮ್ಮನದು. ಎಂಬತ್ತು ದಾಟಿದ ಆಯಿಗೆ ಓದಲು ಬಾರದು. ನಾನು ಓದಿ ಹೇಳಿದೆ. ಅವಳು ಅರಿಶಿಣದ ಬಟ್ಟಲು ಕೆಳಗಿಟ್ಟಳು.

"ಈ ಪಾಟೀಲ ಯಾರೋ ಚನ್ನು?"

"ಹೆಸರಿಗಷ್ಟೇ ಅದು, ಯವ್ವಾ."

"ನಿಮ್ಮ ಮುತ್ಯಾ ಗಾಡಿ ಲೂಟಿ ಮಾಡಿದ್ದ, ಮಂದಿ ಹೆಸರು ಕದ್ದಿರಲಿಲ್ಲ. ಕದ್ದ ಹೆಸರು ದೇವರ ಮುಂದ ನಾ ಇಡಂಗಿಲ್ಲ."

ಆಮೇಲೆ ಸಂದೂಕಿನಿಂದ ಒಂದು ಹಳೆಯ ಉರ್ದು ಕಾಗದ ತೆಗೆದು ನನ್ನ ಕೈಗೆ ಕೊಟ್ಟಳು. ಅದು ಅವಳ ಮಾವನದು, ಅಂದರೆ ಮನೆಯವರೆಲ್ಲ ಮುತ್ಯಾ ಅನ್ನುವ ನನ್ನ ಮುತ್ತಜ್ಜ ರೇವಣಸಿದ್ದಪ್ಪನದು. ಅದನ್ನು ಹಿಡಿದು ಮರುದಿನವೇ ವಾಡಿಗೆ ಹೋದೆ. ಅಲ್ಲಿ ಮಜೀದಸಾಬ ಇದ್ದಾರೆ. ನಿಜಾಮರ ಕಾಲದ ಹೊಲದ ಕಾಗದಗಳನ್ನು ಓದಿ ಹೇಳುವುದೇ ಅವರ ಕೆಲಸ. ಪದದ ಬೇರು ಸಿಕ್ಕರೆ ಸಾಕು, ಅಂಬಾರಾಯರ ಮುಂದೆ ವಾದ ಮಾಡಿ ಗೆಲ್ಲುತ್ತೇನೆ ಅಂತ ನನಗೆ ಖಾತ್ರಿಯಿತ್ತು.

"ಬದ್ ಅಂದ್ರ ಕೆಟ್ಟದ್ದು, ಅದು ಫಾರ್ಸಿ," ಅಂದರು ಮಜೀದಸಾಬ. "ಮಆಶ್ ಅಂದ್ರ ಹೊಟ್ಟಿಪಾಡು, ಅದು ಅರಬ್ಬಿ. ಕೆಟ್ಟ ಹೊಟ್ಟಿಪಾಡಿನಾವ ಬದಮಾಶ. ಈಗ ತಾಯಂದಿರು ತುಂಟ ಮಕ್ಕಳಿಗಿ ಪ್ರೀತಿಲೆ ಅಂತಾರ. ಆಗ ಅದು ಪೊಲೀಸರ ರಜಿಸ್ಟರಿನ ಮಾತು. ಅದರಾಗ ಹೆಸರು ಬಂದಾವ ದಿನಾ ಚಾವಡಿಗಿ ಹೋಗಿ ಹಾಜರಿ ಹೇಳಬೇಕು."

ನನಗೆ ಹಿಗ್ಗಾಯಿತು. "ಹಂಗಾದ್ರ ಹೊಟ್ಟಿಗಿಲ್ಲದ ಬಡವ ಅಂತಷ್ಟೇ ಆಯ್ತಲ್ರಿ, ಚಾಚಾ?"

ಮುದುಕರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ಬಡವರೆಲ್ಲಾ ಬಡಿಗಿ ಹಿಡಿಯಂಗಿಲ್ಲ, ಬೇಟಿ. ಇಲ್ಲಿ ಕೇಳು. ಕಾಳಗಿ ದಾರ್ಯಾಗ ಡಾಕಾ, ದರೋಡಿ. ಗಾಡಿ ಹೊಡಿಯಾವನ ಬಲಗಣ್ಣು ಹೋಗ್ಯದ. ಏಳು ವರ್ಷ ಜೇಲು. ಆಮ್ಯಾಲ ಶಹಾಬಾದದ ಕಲ್ಲಿನ ಗಣ್ಯಾಗ ದುಡಿಲಿಕತ್ತಾನ, ಅದಕ್ಕ ರಜಿಸ್ಟರಿಲಿಂದ ಹೆಸರು ತೆಗೆದೀವಿ ಅಂತ ಬರೆದಾರ. ಮಾತಿನ ಹುಟ್ಟು ತೋರಿಸಿ ಮನುಷ್ಯಾನ ಬಿಡಸಬ್ಯಾಡ."

ನನ್ನ ಬಾಯಿ ಮುಚ್ಚಿಸಿದ ನ್ಯಾಯಾಧೀಶರೇ ಕಡಿಮೆ. ಅವತ್ತು ಕಾಗದ ಮಡಚಿಕೊಂಡು ಬಸ್ಸು ಹತ್ತಿದೆ.

ಸರ್ಕಾರವೇ ಅಳಿಸಿದ ಹೆಸರನ್ನು ನಾವ್ಯಾಕೆ ಹೊತ್ತುಕೊಂಡಿದ್ದೇವೆ ಅಂತ ಆಯಿಯನ್ನು ಕೇಳಿದೆ.

"ಊರವರು ಆ ಹೆಸರು ಬಿಡ್ತೀವಿ ಅಂದ್ರು, ನಮ್ಮ ಮಾವ ಬಿಡಗೊಡಲಿಲ್ಲ. ಸರ್ಕಾರ ಹೆಸರು ಅಳಿಸ್ತು, ಆ ಗಾಡಿ ಹೊಡಿಯಾವ ಚಿಮ್ಮನಚೋಡದ ಹುಸೇನಪ್ಪನ ಕಣ್ಣು ಬರಲಿಲ್ಲ ಅಂತಿದ್ದ. ನನ್ನ ನೋಡಾಕ ಬಂದಾಗ ನಮ್ಮಪ್ಪನ ಮುಂದ ನೀರಿನ ತಂಬಿಗಿ ಇಟ್ಟು ಎಲ್ಲಾ ಹೇಳ್ದ. ಕೇಳಿ ನೀರು ಕುಡಿದ್ರ ಸಂಬಂಧ, ಇಲ್ಲಂದ್ರ ಇಲ್ಲ. ನಮ್ಮಪ್ಪ ಎಲ್ಲಾ ಕೇಳಿ ಕುಡಿದ. ಚನ್ನೂನ ಲಗ್ನದಾಗೂ ಹಂಗೇ. ನಿನ್ನ ಸಲ ನಿಮ್ಮಪ್ಪ ಬೀಗರಿಗಿ ಏನೂ ಹೇಳ್ದೆ ಬಾಟಲಿ ಶರಬತ್ತು ಕುಡಿಸಿ ಕಳಿಸ್ದ."

ಲಗ್ನಕ್ಕೆ ಮುಂಚೆ ಹುಡುಗಿ ಗಂಡನ ಮನೆಯ ಮೆಟ್ಟಿಲು ಹತ್ತುವುದು ನಮ್ಮಲ್ಲಿಲ್ಲ. ನಾನು ಹತ್ತಿದೆ. ನಮ್ಮ ಮನೆಯ ನೀರು ತುಂಬಿದ ತಂಬಿಗೆಗೆ ಬಟ್ಟೆ ಕಟ್ಟಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋಗಿದ್ದೆ. ಅಂಬಾರಾಯರು ಪಡಸಾಲೆಯಲ್ಲಿ ಒಬ್ಬರೇ ಕೂತಿದ್ದರು.

"ಕಾಕಾ, ನಮ್ಮ ಮುತ್ಯಾ ಗಾಡಿ ಲೂಟಿ ಮಾಡ್ದ. ಚಿಮ್ಮನಚೋಡದ ಹುಸೇನಪ್ಪನ ಬಲಗಣ್ಣು ಅವನ ಬಡಿಗಿಲೆ ಹೋಯ್ತು. ಏಳು ವರ್ಷ ಜೇಲಿನಾಗ ಇದ್ದ. ನಮ್ಮ ಹೆಸರು ಬದಮಾಶ, ಕಾರ್ಡಿನಾಗ ಅದೇ ಬರ್ತದ. ಕೇಳಿ ನೀರು ಕುಡೀರಿ, ಇಲ್ಲಾ ತಂಬಿಗಿ ತಿರುಗಿ ಕೊಡ್ರಿ."

ಅಂಬಾರಾಯರು ತಂಬಿಗೆ ಎತ್ತಿಕೊಂಡರು. ಬಾಯಿಯ ಹತ್ತಿರ ಒಯ್ದು ನಿಲ್ಲಿಸಿದರು.

"ಆ ಹುಸೇನಪ್ಪನ ಮನ್ಯಾಗ ಈಗ ಯಾರದಾರ?"

"ಗೊತ್ತಿಲ್ರಿ."

"ಬೀಗರ ಮುಂದೆಲ್ಲಾ ಅವನ ಹೆಸರು ಹೇಳ್ಕೋತ ಬಂದೀರಿ. ಒಬ್ಬರರ ಹೋಗಿ ಕೇಳೀರೇನು?"

ಹೆಸರು ಮುಚ್ಚಿಡದ ಮನೆತನ ಅಂತ ಇಷ್ಟು ವರ್ಷ ಎದೆಯುಬ್ಬಿಸಿ ನಡೆದಿದ್ದೆ. ಆ ಕ್ಷಣ ನಿಜಕ್ಕೂ ನಾಚಿಕೆಯಾಯಿತು. ಅವರು ತಂಬಿಗೆಯನ್ನು ನನ್ನ ಕೈಗೇ ಕೊಟ್ಟರು. "ಮೊದಲ ಅವರು ಕುಡೀಲಿ. ಆಮ್ಯಾಲ ನಾ ಕುಡೀತೀನಿ. ಕಾರ್ಡಿನಾಗ ಏನರ ಬರಸ್ರಿ."

ಮರುದಿನ ಚಿಮ್ಮನಚೋಡದಲ್ಲಿ ಬಸ್ಸಿಳಿದು ಚಹಾದಂಗಡಿಯಲ್ಲಿ ಕೇಳಿದೆ. ಗಾಡಿ ಹೊಡೆಯುತ್ತಿದ್ದ ಹುಸೇನಪ್ಪನ ಮನೆ ಎಲ್ಲಿ ಅಂತ. ಅಂಗಡಿಯವನಿಗೆ ತಿಳಿಯಲಿಲ್ಲ. ಬೆಂಚಿನ ಮೇಲಿದ್ದ ಮುದುಕನೊಬ್ಬ ತಲೆಯೆತ್ತಿ, "ಒಕ್ಕಣ್ಣೋರ ಮನಿ ಅನ್ನು ತಂಗಿ, ಯಾರರ ತೋರಿಸ್ತಾರ" ಅಂದ.

ನಾನು ಅಲ್ಲೇ ನಿಂತುಬಿಟ್ಟೆ. ಮುತ್ಯಾನ ಒಂದು ಏಟು ನಮ್ಮ ಮನೆಗೊಂದು ಹೆಸರು ಕೊಟ್ಟಿತ್ತು, ಅವರ ಮನೆಗೂ ಒಂದು ಕೊಟ್ಟಿತ್ತು. ನಮ್ಮದನ್ನು ನಾವು ಆರಿಸಿಕೊಂಡು ಹೊತ್ತಿದ್ದೆವು. ಅವರನ್ನು ಯಾರು ಕೇಳಿದ್ದರು?

ಅಂಗಳದಲ್ಲಿ ತೊಗರಿ ಕೇರುತ್ತಿದ್ದವಳು ಅನಸುಬಾಯಿ, ಹುಸೇನಪ್ಪನ ಮೊಮ್ಮಗಳು. ಐವತ್ತರ ಹೆಂಗಸು. ನಾನು ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಈ ಸಲ ವಾದ ಮಾಡಲಿಲ್ಲ, ಧ್ವನಿಯೂ ಗಟ್ಟಿಯಿರಲಿಲ್ಲ. ಅವಳು ಮೊರ ಪಕ್ಕಕ್ಕಿಟ್ಟಳು.

"ಎತ್ತು ಹಾಯ್ದು ಕಣ್ಣು ಹೋಯ್ತು ಅಂತ ಹೇಳ್ತಿದ್ರು ನಮಗ," ಅಂದಳು. "ಸಾಲ್ಯಾಗ ನನ್ನ ಮಕ್ಕಳಿಗಿ ಒಕ್ಕಣ್ಣ ಒಕ್ಕಣ್ಣ ಅಂತ ಕಾಡ್ತಿದ್ರು. ಎರಡೂ ಕಣ್ಣು ನೆಟ್ಟಗದಾವ, ಯಾಕ ಅಂತಾರವ್ವಾ ಅಂತ ಅಳ್ತಿದ್ವು. ಏನು ಹೇಳಬೇಕು ಅಂತ ನನಗ ತಿಳೀತಿರಲಿಲ್ಲ."

ನಾನು ತಂಬಿಗೆ ಮುಂದೆ ಹಿಡಿದೆ. "ಕುಡೀಲಿಲ್ಲಂದ್ರ ನನಗ ಸಿಟ್ಟಿಲ್ರಿ."

ಅವಳು ಕೈಗೆ ಹತ್ತಿದ ಹೊಟ್ಟು ಕೊಡವಿಕೊಂಡಳು. ಆಮೇಲೆ ತಂಬಿಗೆ ಎತ್ತಿ ಅರ್ಧ ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡು ತಿರುಗಿ ಕೊಟ್ಟಳು.

"ಉಳಿದದ್ದು ನಿಮ್ಮ ಬೀಗರಿಗಿ ಒಯ್ಯಿ. ಲಗ್ನಕ್ಕ ಕಾರ್ಡು ಕಳಸು. ಅದರ ಮ್ಯಾಲ ನಮ್ಮ ಹೆಸರು ಪೂರ್ತಿ ಬರಿ."

ಹೊಸ ಕಾರ್ಡು ಬಂದ ದಿನ ಆಯಿ ಮೊದಲನೆಯದಕ್ಕೆ ಅರಿಶಿಣ ಹಚ್ಚಿ ನನ್ನ ಕೈಗಿಟ್ಟಳು, ದೇವರಿಗೆ ಎರಡನೆಯದು ಸಾಕು ಅಂದಳು. ಲಕೋಟೆಯ ಮೇಲೆ ನಾನೇ ಬರೆದೆ: ಅನಸುಬಾಯಿ ಒಕ್ಕಣ್ಣ, ಚಿಮ್ಮನಚೋಡ. ಕೆಳಗೆ, ಕಳಿಸಿದವರು: ಉಮಾದೇವಿ ಬದಮಾಶ.